ದುಂಡವ್ವನಿಗೆ ಎಷ್ಟು ಕೈ ಬೇಕು

ಒಬ್ಬ ಮುದುಕಿ ಬೆಳಗಿನಿಂದ ಸಂಜೆಯ ತನಕ ನೆಟ್ಟಗೆ ಬದುಕಬೇಕಾದರೆ ಎಷ್ಟು ಕೈಗಳು ಬೇಕು? ಹಾಸಿಗೆಯಿಂದ ಎಬ್ಬಿಸುವ ಕೈ, ಬಚ್ಚಲಿಗೆ ನಡೆಸುವ ಕೈ, ನಿರಿಗೆ ಹಿಡಿಯುವ ಕೈ, ಚಹಾದ ಬಟ್ಟಲನ್ನು ತುಟಿಗೆ ಮುಟ್ಟಿಸುವ ಕೈ. ಇದನ್ನು ಯಾರೂ ಎಣಿಸಿರಲಿಲ್ಲ, ಎಣಿಸುವ ಅಗತ್ಯವೂ ಬಿದ್ದಿರಲಿಲ್ಲ. ಆದರೆ ಎಣಿಸಲು ಬಾರದ ಕಷ್ಟವನ್ನು ಸರ್ಕಾರ ಕಷ್ಟವೆಂದು ಒಪ್ಪುವುದಿಲ್ಲವಲ್ಲ. ಹಾಗಾಗಿ ಎಣಿಸುವ ಯಂತ್ರವೊಂದು ಬಂತು. ಅದಕ್ಕೆ ಎಣಿಕೆ ಕಲಿಸಿದವಳು ಹುಬ್ಬಳ್ಳಿಯ ನೀಲಾಂಬಿಕಾ ಕಮ್ಮಾರ. ಕಲಿಸಲು ಆಕೆ ಕರೆದುಕೊಂಡು ಹೋದದ್ದು ತನ್ನ ಸ್ವಂತ ಸೋದರತ್ತೆಯನ್ನು.

ಇದು ಇನ್ನೂ ಬರಬೇಕಾದ ಕಾಲದ ಕಥೆ. ಆ ಹೊತ್ತಿಗೆ ರಾಜ್ಯದಲ್ಲಿ ಮುದುಕರ ಸಂಖ್ಯೆ ಶಾಲೆಗೆ ಹೋಗುವ ಮಕ್ಕಳ ಸಂಖ್ಯೆಯನ್ನು ಮೀರಿತ್ತು. ವೃದ್ಧಾಶ್ರಮ ಕಟ್ಟಿ ಕಟ್ಟಿ ಸುಸ್ತಾದ ಸರ್ಕಾರ ‘ಮನೆಯಾಸರೆ’ ಎಂಬ ಯೋಜನೆ ತಂದು, ಅಶಕ್ತರ ಮನೆಗೇ ದಿನಕ್ಕೆ ಇಷ್ಟು ಗಂಟೆ ಎಂದು ಆರೈಕೆಯವರನ್ನು ಕಳಿಸತೊಡಗಿತ್ತು. ಒಳ್ಳೆಯ ಯೋಜನೆಯೇ. ಹತ್ತು ಸಾಲುಮನೆಗಳ ಗಿರಣಿ ಚಾಳದ ಮೂರನೆಯ ಮನೆಯ ದುಂಡವ್ವನಿಗೆ ಅದರಿಂದ ದಿನಕ್ಕೆ ನಾಲ್ಕು ಗಂಟೆ ಸಿಕ್ಕಿತ್ತು. ಬೆಳಿಗ್ಗೆ ಏಳಕ್ಕೆ ಯಲ್ಲವ್ವ ಎಂಬ ಆರೈಕೆಯ ಹೆಂಗಸು ಬಂದು ಆಕೆಯನ್ನು ಎಬ್ಬಿಸಿ, ಜಳಕ ಮಾಡಿಸಿ, ಕೈಕಾಲಿಗೆ ವ್ಯಾಯಾಮ ಕೊಟ್ಟು, ರೊಟ್ಟಿ ಮುರಿದು ತಿನ್ನಿಸಿ ಹನ್ನೊಂದಕ್ಕೆ ಹೋಗುತ್ತಿದ್ದಳು.

ದುಂಡವ್ವ ಮೂವತ್ತೈದು ವರ್ಷ ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ ನರ್ಸ್ ಆಗಿದ್ದವಳು. ಮದುವೆಯಾಗಲಿಲ್ಲ. ತಮ್ಮನ ತಬ್ಬಲಿ ಮಗಳು ನೀಲಾಳನ್ನು ಸಾಕಿ, ಫಿಜಿಯೋಥೆರಪಿ ಓದಿಸಿ, ನವನಗರದ ಒಂದು ಒಳ್ಳೆಯ ಮನೆಗೆ ಮದುವೆ ಮಾಡಿಕೊಟ್ಟಳು. ಚಾಳದ ಅರ್ಧ ಮಕ್ಕಳು ಆಕೆಯ ಕೈಯಲ್ಲೇ ಭೂಮಿಗೆ ಬಿದ್ದವರು. ಮೀಸೆ ಬಂದ ಗಂಡಸರು ಕೂಡ ಆಕೆಯನ್ನು ಕಂಡರೆ ಬೀಡಿ ಮುಚ್ಚಿಟ್ಟುಕೊಳ್ಳುತ್ತಿದ್ದರು. ಎಪ್ಪತ್ತಾರನೆಯ ವಯಸ್ಸಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಕೈ ನಡುಗುವುದನ್ನು ಆಕೆ ಹೇಗೋ ಸಹಿಸಿಕೊಂಡಳು. ಸಹಿಸಲಾಗದ್ದು ಕಾಲಿನ ಆಟ. ಹೊಸ್ತಿಲ ಹತ್ತಿರ ಬಂದರೆ ಸಾಕು, ಹೆಜ್ಜೆ ನೆಲಕ್ಕೆ ಅಂಟಿಬಿಡುತ್ತಿತ್ತು. ಮಿದುಳು ಕೊಟ್ಟ ಅಪ್ಪಣೆ ಕಾಲಿಗೆ ಮುಟ್ಟುವ ಮೊದಲೇ ದಾರಿಯಲ್ಲಿ ನಿಂತುಬಿಡುವ ಕಾಯಿಲೆ ಅದು. ಆಗ ಯಾರಾದರೂ ಮೊಣಕೈಗೆ ಕೈ ಕೊಟ್ಟು “ನಡೀರಿ ಅಕ್ಕಾರ” ಎಂದರೆ ಕಾಲು ಬಿಡುತ್ತಿತ್ತು. ಹನ್ನೊಂದರ ನಂತರ ಆ ಕೈ ಸಾಮಾನ್ಯವಾಗಿ ಪಕ್ಕದ ಮನೆಯ ಹಜರತಬಿಯದು. ಆಕೆಯ ಮೂರೂ ಹೆರಿಗೆ ಮಾಡಿಸಿದವಳು ದುಂಡವ್ವ. ಸಂಜೆಗೆ ನೀಲಾ ಬಂದು ಅಡುಗೆ ಮಾಡಿಟ್ಟು, ಅತ್ತೆಯನ್ನು ಹಾಸಿಗೆಗೆ ಸೇರಿಸಿ ಹೋಗುತ್ತಿದ್ದಳು. ತನ್ನ ಮನೆಗೆ ಬಾ ಎಂದರೆ ಅತ್ತೆ ಬರುತ್ತಿರಲಿಲ್ಲ.

“ಅಲ್ಲಿ ಎಲ್ಲಾರ ಮನಿ ಬಾಗ್ಲಾ ಹಾಕಿರ್ತಾವ,” ಎನ್ನುತ್ತಿದ್ದಳು. “ನಾ ಬಿದ್ರ ಯಾರನ್ನ ಕೂಗ್ಲಿ?”

ಮನೆಯಾಸರೆಯ ತಾಂತ್ರಿಕ ಕೇಂದ್ರ ಊರ ಹೊರಗಿತ್ತು. ನೀಲಾ ಅಲ್ಲಿ ತರಬೇತುದಾರಳು. ಮನುಷ್ಯರಿಗಲ್ಲ, ಬಳೆಗೆ ತರಬೇತಿ. ಕಪ್ಪು ರಬ್ಬರಿನ, ಬೆರಳಗಲದ ‘ಆಸರೆ ಬಳೆ’. ಅದರೊಳಗೆ ಮೂರು ತೆಳು ಪದರಗಳು. ಒಂದು ತೊಟ್ಟವರ ಮೈಯ ತೂಕ ಎತ್ತ ಸರಿಯಿತೆಂದು ತಿಳಿಯುತ್ತದೆ, ಇನ್ನೊಂದು ಬೇರೊಬ್ಬರ ಮೈಯ ಬಿಸಿ ಮೊಳದಂತರದಲ್ಲಿ ಇದೆಯೇ ಎಂದು ನೋಡುತ್ತದೆ, ಮೂರನೆಯದು ಎರಡನ್ನೂ ಕೂಡಿಸಿ ‘ಈಗ ಒಬ್ಬರು ಇವರಿಗೆ ಆಸರೆ ಕೊಟ್ಟರು’ ಎಂದು ಗುರುತು ಹಾಕುತ್ತದೆ. ಬಳೆ ಎಡಗೈಯಲ್ಲಿದ್ದು ಬಲಗೈ ಹಿಡಿದರೂ ಗೊತ್ತಾಗುತ್ತದೆ.

“ಇಷ್ಟು ವರ್ಷ ನಾವು ಅರ್ಜಿ ನೋಡಿ ಗಂಟೆ ಕೊಡ್ತಿದ್ವಿ ನೀಲಾ,” ಎಂದಿದ್ದರು ಕೇಂದ್ರದ ನಿರ್ದೇಶಕಿ ಪ್ರಮೋದಿನಿ ಅರಸ್. ಮೈಸೂರು ಕಡೆಯವರು, ಮೆಲುಮಾತಿನವರು, ಗದರಿದರೂ ಬೆನ್ನು ಸವರಿದ ಹಾಗೆ ಇರುತ್ತಿತ್ತು. “ಅರ್ಜೀಲಿ ಎಲ್ಲರೂ ಒಂದೇ ಥರ ಬರೀತಾರೆ. ಒಬ್ಬರಿಗೆ ದಿನಕ್ಕೆ ಎಷ್ಟು ಕೈ ಬೇಕಾಗತ್ತೆ ಅನ್ನೋದನ್ನ ಈ ಬಳೆ ತೋರಿಸಿಬಿಟ್ರೆ, ಅಷ್ಟೂ ಗಂಟೆ ಕೊಡಿ ಅಂತ ನಾನು ಮೇಜು ಕುಟ್ಟಿ ಕೇಳಬಹುದು. ನಿಮ್ಮತ್ತೆಗೆ ನಾಲ್ಕು ಗಂಟೆ ಸಾಲತ್ತಾ, ನೀವೇ ಹೇಳಿ.”

ಸಾಲುತ್ತಿರಲಿಲ್ಲ. ನೀಲಾ ನಂಬಿದಳು. ನಂಬದಿರಲು ಕಾರಣವೇನಿತ್ತು? ಪ್ರಮೋದಿನಿ ಮೇಡಂ ಚಾಳಕ್ಕೆ ತಾವೇ ಬಂದು, ಕಟ್ಟೆಯ ಮೇಲೆ ಕುಳಿತು, ದುಂಡವ್ವನ ನಡುಗುವ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಹಜರತಬಿ ಕೊಟ್ಟ ಸಿಹಿ ಗುಳ್ಳಡಕಿ ಉಂಡು ಹೋಗಿದ್ದರು. ಉಂಡು ಹೋದವರ ಮೇಲೆ ನಮ್ಮ ಕಡೆಯವರಿಗೆ ಗುಮಾನಿ ಹುಟ್ಟುವುದಿಲ್ಲ. ಅದು ನಮ್ಮ ಒಳ್ಳೆಯತನವೋ ಪೆದ್ದುತನವೋ ಇನ್ನೂ ಇತ್ಯರ್ಥವಾಗಿಲ್ಲ.

ನಾಲ್ಕು ತಿಂಗಳು ಪ್ರಯೋಗಾಲಯಕ್ಕೆ ಚಾಳವೇ ಬಂತು ಎನ್ನಬೇಕು. ಬಳೆ ತೊಟ್ಟ ದುಂಡವ್ವನನ್ನು ಹಜರತಬಿ ಎಬ್ಬಿಸಿದಳು, ಟೇಲರ್ ಬಸಣ್ಣ ನಡೆಸಿದ, ಕೊನೆಯ ಮನೆಯ ಫಿಲೋಮಿನಾ ಕೂರಿಸಿದಳು. ಒಂದೊಂದು ಹಿಡಿತವನ್ನೂ ನೀಲಾ ಬಳೆಗೆ ಹೇಳಿಕೊಟ್ಟಳು. ಒಂದೇ ಒಂದು ತೊಡಕು ಉಳಿಯಿತು. ಈ ಜನ ಸುಮ್ಮನೆ ಮಾತಾಡುವಾಗಲೂ ಕೈ ಹಿಡಿದೇ ಮಾತಾಡುವವರು. ಮಾತು ಕಾವೇರಿದರೆ ಕೈ ಜಗ್ಗುವವರು. ಬಳೆ ಅದನ್ನೂ ಆಸರೆ ಎಂದೇ ಎಣಿಸುತ್ತಿತ್ತು. ನೀಲಾ ವರದಿಯಲ್ಲಿ ಇದನ್ನು ಬರೆದು ಮೇಡಂ ಮುಂದಿಟ್ಟಾಗ ಅವರು ನಕ್ಕು, “ಹೆಚ್ಚು ಎಣಿಸಿದ್ರೆ ಯಾರಿಗೆ ನಷ್ಟ, ಬಿಡಿ,” ಎಂದರು.

ಹೆಚ್ಚು ಎಣಿಸಿದಷ್ಟೂ ಒಳ್ಳೆಯದೆಂಬ ಸುದ್ದಿ ಚಾಳಕ್ಕೆ ತಲುಪಲು ಎಷ್ಟು ಹೊತ್ತು ಬೇಕು? ಬಳೆ ಅಧಿಕೃತವಾಗಿ ದುಂಡವ್ವನ ಕೈಗೇರಿದ ದಿನದಿಂದ ಹತ್ತೂ ಮನೆಯವರು ಸೇವೆಗೆ ನಿಂತರು. ನೀರು ತರಲು ಹೊರಟ ಫಿಲೋಮಿನಾ ಕೊಡ ಇಳಿಸಿ ಒಳಗೆ ಬಂದು ದುಂಡವ್ವನ ಕೈ ಹಿಡಿದು ಎರಡು ನಿಮಿಷ ನಿಂತು ಹೋದಳು. ಬಸಣ್ಣ ಅಂಗಿಗೆ ಗುಂಡಿ ಹಚ್ಚುವುದನ್ನು ಬಿಟ್ಟು ಬಂದು ಆಕೆಯನ್ನು ಎಬ್ಬಿಸಿ ಮತ್ತೆ ಕೂರಿಸಿ ಹೋದ. ಹಜರತಬಿಯಂತೂ ಮಧ್ಯಾಹ್ನವಿಡೀ ಬಿಡಲೇ ಇಲ್ಲ.

“ಏನಬೇ ಇದು, ಜಾತ್ರ್ಯಾಗ ಕೂಸು ಹಿಡದಂಗ ಹಿಡದೀಯಲ್ಲ,” ಎಂದು ದುಂಡವ್ವ ರೇಗಿದರೆ, “ಸುಮ್ನ ಕುಂದರ್‍ರಿ ಅಕ್ಕಾರ. ನಮ್ಮ ನೀಲಾನ ಮಶೀನು ಪಾಸ್ ಆಗಬೇಕು, ನಿಮಗ ಎಂಟ್ ತಾಸು ಸಿಗಬೇಕು,” ಎಂದು ಆಕೆ ಇನ್ನೂ ಬಿಗಿಯಾಗಿ ಹಿಡಿದಳು. ನೀಲಾಗೆ ಇದು ಗೊತ್ತಿತ್ತು. ನಕ್ಕಳು, ತಡೆಯಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಸೋಮವಾರ ಯಲ್ಲವ್ವ ಬರಲಿಲ್ಲ. ಎಂಟೂವರೆಗೆ ಹಜರತಬಿ ನೀಲಾಗೆ ಫೋನು ಮಾಡಿದಾಗ ದುಂಡವ್ವ ಹಾಸಿಗೆಯಲ್ಲೇ ಇದ್ದಳು, ಹಾಸಿಗೆ ಒದ್ದೆಯಾಗಿತ್ತು. ಮೂವತ್ತೈದು ವರ್ಷ ಊರಿನವರ ಹೇಸಿಗೆ ಬಳಿದವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳಂತೆ.

ಅತ್ತೆಯ ಬಟ್ಟೆ ಬದಲಿಸಲು ಹಜರತಬಿಗೆ ಹೇಳಿ ನೀಲಾ ನೇರವಾಗಿ ಕೇಂದ್ರದ ನಿಯಂತ್ರಣ ಕೊಠಡಿಗೆ ಹೋದಳು. ಗೋಡೆಯಗಲದ ಪರದೆಯಲ್ಲಿ ಜಿಲ್ಲೆಜಿಲ್ಲೆಯ ಬಳೆಗಳ ಅಂಕಿ ಓಡುತ್ತಿದ್ದವು. ಅತ್ತೆಯ ಹೆಸರು ಒತ್ತಿದಳು. ‘ದಿನವೊಂದಕ್ಕೆ ನೆರೆಹೊರೆಯಿಂದ ಲಭ್ಯವಿರುವ ಆಸರೆ: ಐದು ಗಂಟೆ ಇಪ್ಪತ್ತು ನಿಮಿಷ. ಸರ್ಕಾರ ಒದಗಿಸಬೇಕಾದ ಆಸರೆ: ಇಲ್ಲ. ಮೂವತ್ತು ದಿನ ವಾರಕ್ಕೆ ಮೂರು ಭೇಟಿ, ತಲಾ ಅರ್ಧ ಗಂಟೆ. ಆಮೇಲೆ ಮುಕ್ತಾಯ.’ ಪಕ್ಕದಲ್ಲಿ ‘ಉಳಿತಾಯವಾದ ಗಂಟೆಗಳು’ ಎಂಬ ಕಾಲಮ್ಮು. ಅದರಲ್ಲಿ ರಾಜ್ಯದ ಸಾವಿರಾರು ಮುದುಕ ಮುದುಕಿಯರ ಬೆಳಗುಗಳು ಹಸಿರು ಬಣ್ಣದಲ್ಲಿ ಹೊಳೆಯುತ್ತಿದ್ದವು. ಎಷ್ಟು ಕೈ ಬೇಕು ಎಂದು ಎಣಿಸಲು ಕಲಿಸಿದ ಬಳೆಯ ಅಂಕಿಯನ್ನು, ಎಷ್ಟು ಕೈ ಪುಕ್ಕಟೆ ಸಿಗುತ್ತವೆ ಎಂದು ಓದಿಕೊಂಡಿದ್ದರು. ಅಂಕಿ ಅದೇ. ಓದುವವರು ಬೇರೆ.

ನೀಲಾ ನಿಯಮದ ಕಡತ ತೆರೆದಳು. ಕೆಳಗೆ ಪ್ರಮೋದಿನಿ ಅರಸ್ ಅವರ ಸಹಿ ಇತ್ತು. ತಾರೀಖು ನೋಡಿದಳು. ಅವರು ಚಾಳದ ಕಟ್ಟೆಯ ಮೇಲೆ ಕುಳಿತು ಗುಳ್ಳಡಕಿ ತಿಂದದ್ದಕ್ಕೆ ಆರು ವಾರ ಮೊದಲಿನದು. ಅತ್ತೆಯ ಕೈ ಹಿಡಿದಾಗಲೇ ಅವರಿಗೆ ಎಲ್ಲ ಗೊತ್ತಿತ್ತು.

“ಮೇಡಂ, ನೀವ ಹೇಳಿದ್ರಿ, ಹೆಚ್ಚು ಕೈ ಬಿದ್ರ ಹೆಚ್ಚು ತಾಸು ಅಂತ,” ಎಂದಳು ನೀಲಾ, ನೇರ ಅವರ ಕೋಣೆಗೆ ಹೋಗಿ.

ಪ್ರಮೋದಿನಿ ಕನ್ನಡಕ ತೆಗೆದಿಟ್ಟರು. “ಹಾಗಂತ ನನಗೂ ಆಸೆ ಇತ್ತು ನೀಲಾ. ಆದ್ರೆ ಇರೋ ಆರೈಕೆಯವರು ಇಷ್ಟೇ. ಯಾರೂ ಇಲ್ಲದವರಿಗೆ ಮೊದಲು ಕೊಡಬೇಕಲ್ವಾ? ನಿಮ್ಮತ್ತೆಗೆ ಇಡೀ ಓಣಿ ಇದೆ.”

“ಆ ಓಣಿಯವರು ಸುಳ್ಳ ಸುಳ್ಳ ಕೈ ಹಿಡದಾರ್ರಿ. ನಿಮ್ಮ ಮಾತು ನಂಬಿ. ನಾ ವರದಿ ಒಳಗ ಬರದಿದ್ದೆ, ಸುಮ್ನ ಹಿಡದ್ರೂ ಬಳಿ ಎಣಸ್ತೈತಿ ಅಂತ.”

“ಆ ವರದಿಯ ಮೇಲೆ ನಿಮ್ಮ ಸಹಿಯೂ ಇದೆ. ‘ಬಳೆ ಬಳಕೆಗೆ ಯೋಗ್ಯ’ ಅಂತ ಕೊನೇಲಿ ಬರೆದವರು ನೀವೇ.” ಬೆಣ್ಣೆಯಿಂದ ಕೂದಲು ತೆಗೆದಂತೆ ಹೇಳಿ ಮುಂದುವರಿದರು. “ನೋಡಿ, ಒಂದು ದಾರಿ ಇದೆ. ಮರುಪರೀಕ್ಷೆಗೆ ಹಾಕಿ. ಮೂವತ್ತು ದಿನ ಯಾರ ಆಸರೆಯೂ ದಾಖಲಾಗಬಾರದು, ನಿಮ್ಮದೂ ಸೇರಿ. ಯಲ್ಲವ್ವನ ಅರ್ಧ ಗಂಟೆ ಲೆಕ್ಕಕ್ಕಿಲ್ಲ. ನೆರೆಯ ಆಸರೆ ಸೊನ್ನೆ ಅಂತ ಬಂದ್ರೆ ಗಂಟೆ ವಾಪಸ್ ಬರತ್ತೆ. ಬಳೆ ಮಾತ್ರ ತೆಗೀಬೇಡಿ, ತೆಗೆದ್ರೆ ಹೆಸರೇ ಹೊಡೆದುಹೋಗತ್ತೆ. ನಾನು ಮಾತು ಕೊಡ್ತೀನಿ.”

ಒಮ್ಮೆ ಮಾತು ತಪ್ಪಿದವರು ಎರಡನೆಯ ಸಲ ಮಾತು ಕೊಟ್ಟಾಗ ನಾವು ಯಾಕೆ ತೆಗೆದುಕೊಳ್ಳುತ್ತೇವೆ? ಬೇರೆ ಏನೂ ಕೈಯಲ್ಲಿ ಇರುವುದಿಲ್ಲ, ಅದಕ್ಕೆ.

ಆ ಸಂಜೆ ನೀಲಾ ಚಾಳದವರನ್ನೆಲ್ಲ ಕಟ್ಟೆಯ ಹತ್ತಿರ ಕರೆದಳು. ಮೂವತ್ತು ದಿನ ಅತ್ತೆಯನ್ನು ಯಾರೂ ಮುಟ್ಟಬಾರದು ಎಂದಳು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಸಣ್ಣ ನಿರ್ದೇಶಕಿಯ ವಂಶವನ್ನೇ ಜಾಲಾಡಿದ.

“ಬಚ್ಚಲಕ್ಕ ಹೆಂಗ ಹೋಗ್ತಾರ?” ಎಂದು ಕೇಳಿದವಳು ಹಜರತಬಿ.

“ಗ್ವಾಡಿ ಹಿಡಕೊಂಡು ಹೋಗ್ಲಿ. ಊಟಾ ತಂದು ಮುಂದ ಇಡ್ರಿ, ಬಾಯಿಲೆ ಹೇಳ್ರಿ. ಕೈ ಮಾತ್ರ ಹಚ್ಚಬ್ಯಾಡ್ರಿ. ಒಂದ್ ಸಲ ಕೈ ಬಿದ್ರ ಮತ್ತ ಒಂದರಿಂದ ಎಣಿಸ್ತಾರ. ಹಜರತಬಿ, ನನ್ನ ಮ್ಯಾಲ ಆಣಿ ಮಾಡು.”

ಹಜರತಬಿ ನೀಲಾಳ ತಲೆ ಮುಟ್ಟಿ ಆಣೆ ಮಾಡಿದಳು. ಚಿಕ್ಕಂದಿನಲ್ಲಿ ಈ ತಲೆಗೆ ಎಣ್ಣೆ ಹಚ್ಚಿ ಬಾಚಿದವಳು ಆಕೆ.

ಹೀಗೆ ಗಿರಣಿ ಚಾಳದಲ್ಲಿ ಒಬ್ಬ ಮುದುಕಿಯನ್ನು ಮುಟ್ಟದಿರುವ ವ್ರತ ಶುರುವಾಯಿತು. ಊಟ ಬಂತು, ದುಂಡವ್ವನ ಕೈ ನಡುಗಿ ಅರ್ಧದಷ್ಟು ಸೀರೆಯ ಮೇಲೆ ಚೆಲ್ಲಿತು. ಹೊಸ್ತಿಲಲ್ಲಿ ಕಾಲು ಅಂಟಿಕೊಂಡಾಗ ಹಜರತಬಿ ಎರಡು ಮೊಳ ದೂರ ನಿಂತು “ಎಡಗಾಲ ಎತ್ರಿ ಅಕ್ಕಾರ, ಒಂದ, ಎರಡ,” ಎಂದು ಎಣಿಸುತ್ತಿದ್ದಳು. ಕೆಲವೊಮ್ಮೆ ಕಾಲು ಕೇಳುತ್ತಿತ್ತು. ಕೆಲವೊಮ್ಮೆ ಅರ್ಧ ತಾಸು ಕೇಳುತ್ತಿರಲಿಲ್ಲ, ಬಚ್ಚಲು ತಲುಪುವುದರೊಳಗೆ ಆಗಬಾರದ್ದು ಆಗಿಹೋಗುತ್ತಿತ್ತು. ಮೊದಲ ವಾರ ಚಾಳದವರು ಬಂದು ಬಾಗಿಲಲ್ಲಿ ನಿಂತು ಮಾತಾಡಿದರು. ಕೈ ಹಿಡಿಯದೆ ಮಾತಾಡಲು ಅವರಿಗೆ ಬರಲಿಲ್ಲ. ಮಾತು ಸಣ್ಣದಾಯಿತು, ಬರುವುದೂ ಕಡಿಮೆಯಾಯಿತು. ನೀಲಾ ಸಂಜೆ ಬಂದರೆ ಅಡುಗೆ ಮಾಡಿ, ತಟ್ಟೆ ಮುಂದಿಟ್ಟು, ಎದುರು ಕೂರುತ್ತಿದ್ದಳು. ಸಾವಿರಾರು ಜನರ ಮೈ ಮುಟ್ಟಿ ನೋವು ತೆಗೆದವಳು ತನ್ನನ್ನು ಸಾಕಿದವಳ ಗಲ್ಲಕ್ಕೆ ಅಂಟಿದ ಅನ್ನದ ಅಗುಳನ್ನು ತೆಗೆಯದೆ ನೋಡುತ್ತ ಕೂತಳು.

ಹತ್ತೊಂಬತ್ತನೆಯ ದಿನ ನೀಲಾ ಬಂದಾಗ ಅತ್ತೆಯ ಹಣೆ ಬಾತಿತ್ತು, ಮೊಣಕೈ ತರಚಿತ್ತು.

“ಜಾರಿದೆ. ನಾನ ಎದ್ದೆ,” ಎಂದಳು ದುಂಡವ್ವ. “ಕಿಡಕಿ ಸರಳ ಹಿಡದು.”

“ಯಾರೂ ಇರ್ಲಿಲ್ಲೇನು?”

“ಎದ್ದೆ ಅಂದ್ನಲ್ಲ. ಹಿಂದಿಂದ್ಯಾಕ ಕೆದಕ್ತೀ?”

ಮೂವತ್ತೂ ದಿನ ಕಳೆದವು. ಒಂದೇ ಒಂದು ಕೈ ಬೀಳಲಿಲ್ಲ. ಮೂವತ್ತೊಂದನೆಯ ದಿನ ವಿಚಾರಣೆಯ ಕೋಣೆಯಲ್ಲಿ ನೀಲಾ ಎದುರು ಪ್ರಮೋದಿನಿ ಮತ್ತು ಬೆಂಗಳೂರಿನಿಂದ ಬಂದಿದ್ದ ಇಬ್ಬರು ಅಧಿಕಾರಿಗಳು ಕುಳಿತಿದ್ದರು. ಪರದೆಯಲ್ಲಿ ಅತ್ತೆಯ ತಿಂಗಳು ಇತ್ತು. ಉದ್ದಕ್ಕೂ ಸೊನ್ನೆ. ನೀಲಾಗೆ ಉಸಿರು ಹಗುರಾಯಿತು.

ಅಧಿಕಾರಿಯೊಬ್ಬರು ಓದಿದರು. “ನೆರೆಹೊರೆಯ ಆಸರೆ ಸೊನ್ನೆ. ಸರಿ. ಮೂವತ್ತು ದಿನ ಯಾರ ಆಸರೆಯೂ ಇಲ್ಲದೆ ಫಲಾನುಭವಿ ದೈನಂದಿನ ಬದುಕು ನಡೆಸಿದ್ದಾರೆ. ಹತ್ತೊಂಬತ್ತನೇ ದಿನ ಮಧ್ಯಾಹ್ನ ನೆಲದಿಂದ ಮೇಲೆದ್ದಿದ್ದಾರೆ, ನಲವತ್ತು ನಿಮಿಷದಲ್ಲಿ. ಆ ಹೊತ್ತಿಡೀ ಒಬ್ಬ ವ್ಯಕ್ತಿ ಮೊಳದಂತರದಲ್ಲಿ ಇದ್ದರು ಅಂತ ಬಳೆ ತೋರಿಸ್ತಿದೆ. ಸಹಾಯ ಲಭ್ಯವಿದ್ದರೂ ಪಡೆದಿಲ್ಲ. ಅಂದರೆ ಬೇಕಾಗಿಲ್ಲ. ವರ್ಗೀಕರಣ, ಸ್ವಾವಲಂಬಿ.”

ನೀಲಾ ಪ್ರಮೋದಿನಿಯವರ ಮುಖ ನೋಡಿದಳು. ಅವರು ಕಾಗದ ನೋಡುತ್ತಿದ್ದರು.

“ಮೇಡಂ, ಮಾತು ಕೊಟ್ಟಿದ್ರಿ.”

“ನೆರೆಯ ಆಸರೆ ಸೊನ್ನೆ ಆದ್ರೆ ಆ ಕಡಿತ ಹೋಗತ್ತೆ ಅಂದಿದ್ದೆ. ಹೋಗಿದೆ ನೀಲಾ. ಇದು ಬೇರೆ ಕಲಮು.”

ನೀಲಾ ಕಿರುಚಲಿಲ್ಲ. ಕಿರುಚಬೇಕಿತ್ತು ಎಂದು ಆಮೇಲೆ ಎಷ್ಟೋ ದಿನ ಅಂದುಕೊಂಡಳು. ಅಲ್ಲೇ ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡು ಎರಡು ಸಾಲಿನ ರಾಜೀನಾಮೆ ಬರೆದು, ಪ್ರಮೋದಿನಿಯವರ ಕೈಗೆ ಕೊಡದೆ ನೆಲಕ್ಕೆ ಬಿಟ್ಟು ಎದ್ದು ಬಂದಳು. ಊರಿಗೆ ಉಪಕಾರ ಮಾಡಬೇಡ ಎಂಬ ಗಾದೆಯನ್ನು ಅತ್ತೆ ಮನೆಯಲ್ಲಿ ಆಡಗೊಡುತ್ತಿರಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎನಿಸಿತು ಅವತ್ತು.

ಚಾಳಕ್ಕೆ ಬಂದಾಗ ಹಜರತಬಿ ತನ್ನ ಬಾಗಿಲಲ್ಲಿ ಮೆಂತೆ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಿ ನೋಡಿದಳು. ನೀಲಾ ಒಳಗೆ ಹೋಗಿ ಅತ್ತೆಯ ಮುಂದೆ ಕುಳಿತು ಎಲ್ಲವನ್ನೂ ಹೇಳಿದಳು. ಹೇಳಿ, ಆಕೆಯ ಕೈಯಿಂದ ಬಳೆ ಬಿಚ್ಚಿದಳು. ಬಳೆಯಿದ್ದಲ್ಲಿ ತೊಗಲು ಬೆಳ್ಳಗಾಗಿತ್ತು.

“ಅತ್ತಿ, ಅವತ್ತ ಮೊಳದಂತರದಾಗ ಯಾರಿದ್ರು?”

ದುಂಡವ್ವ ತಡೆದು ತಡೆದು ಹೇಳಿದಳು. “ಹಜರತಬಿ. ನಾ ಬೀಳೂಮುಂದ ಆಕಿ ಕೈ ಮುಂದ ಬಂತು. ನನ್ನ ಸೆರಗಿಗೆ ತಾಗ್ತು. ಆಮ್ಯಾಲ ಹಿಂದಕ್ಕ ತಗೊಂಡ್ಲು. ಎರಡೂ ಕೈ ಬಗಲಾಗ ಒತ್ಗೊಂಡು ನಿಂತ್ಲು, ಅಳಕೋತ. ‘ಸರಳ ಹಿಡೀರಿ ಅಕ್ಕಾರ, ಮೊಣಕಾಲ ಮಡಚ್ರಿ, ಇನ್ನೊಂಚೂರು’ ಅಂತ ಬಾಯಿಲೆ ಹೇಳಿದ್ಲು. ಆಕೀ ಹೆರಿಗ್ಯಾಗ ನಾ ಹಂಗ ಹೇಳಿದ್ದೆ.”

“ನಾ ಆಣಿ ಮಾಡ್ಸಿದ್ದೆ ಅತ್ತಿ. ಆಕಿದೇನೂ ತಪ್ಪಿಲ್ಲ.”

“ಗೊತ್ತೈತಿ. ಆಕಿ ಮ್ಯಾಲ ಸಿಟ್ಟಿಲ್ಲ ನನಗ. ಆದ್ರ ಕೈ ಹಿಂದಕ್ಕ ಹೋಗೋದು ಕಂಡೆ ನೋಡು. ಕಂಡದ್ದನ್ನ ಏನ್ ಮಾಡ್ಲಿ?” ಅತ್ತೆ ಬಾಗಿಲ ಕಡೆ ನೋಡಿ ಅಂದಳು, “ತಾಸು ಮಂಜೂರಾದ್ವು ಅಂತ ಆಕಿಗೆ ಹೇಳು. ಸುಮ್‌ಸುಮ್ನ ಕೈ ತಗದೆ ಅಂತ ತಿಳದ್ರ ಆಕಿ ತಡಕೊಳ್ಳಂಗಿಲ್ಲ.”

ನೀಲಾ ಹೊರಗೆ ಬಂದಳು. ಹಜರತಬಿ ಮೆಂತೆಯ ಮೊರ ಬದಿಗಿಟ್ಟು ಎದ್ದು ನಿಂತಿದ್ದಳು.

“ಮಂಜೂರಾತು ಹಜರತಬಿ,” ಎಂದಳು ನೀಲಾ. “ಯಲ್ಲವ್ವನ್ನ ಬ್ಯಾರೆ ಕಡೆ ಹಾಕ್ಯಾರ. ಮುಂಜಾನೆ ನಾಲ್ಕ್ ತಾಸಿಗೆ ನನ್ನನ್ನ ಹಾಕ್ಯಾರ ಇಲ್ಲಿಗೆ. ನಾಳಿಂದ ನಾನ ಬರ್ತೀನಿ.”

“ಖರೇನ?”

“ಖರೇನ.”

ಹಜರತಬಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಹಂಗಾದ್ರ ಸಾರ್ಥಕ ಆತು ಬಿಡು. ನನಗ ಹನ್ನೆರಡ ದಿನ ಅನ್ನ ಗಂಟಲದಾಗ ಇಳದಿಲ್ಲ ನೀಲಾ, ಯಾಕ ಅಂತ ಕೇಳಬ್ಯಾಡ.” ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, “ಇನ್ನ ಮುಟ್ಟಬಹುದೇನು?”

“ಮುಟ್ಟಬಹುದು.”

ಆಕೆ ಬಹುಪಾಲು ಓಡಿಯೇ ಒಳಗೆ ಹೋದಳು. ದುಂಡವ್ವ ಕಿಟಕಿಯ ಸರಳು ಹಿಡಿದು ಏಳಲು ನೋಡುತ್ತಿದ್ದಳು. ಹಜರತಬಿ ಎರಡೂ ಕೈ ಚಾಚಿ “ಬರ್‍ರಿ ಅಕ್ಕಾರ,” ಎಂದಳು. ದುಂಡವ್ವ ನಕ್ಕಳು. ತನ್ನ ಬಲಗೈಯನ್ನು ಆ ಕೈಗಳಲ್ಲಿ ಇಟ್ಟಳು. ಹಜರತಬಿ ಅದನ್ನು ಕಣ್ಣಿಗೊತ್ತಿಕೊಂಡು ಏನೇನೋ ಹೇಳುತ್ತ ಅತ್ತಳು, ದುಂಡವ್ವ “ಸಾಕು ಸಾಕು, ಹುಚ್ಚಿ,” ಎಂದು ಸಮಾಧಾನ ಮಾಡಿದಳು.

ಬಾಗಿಲಲ್ಲಿ ನಿಂತ ನೀಲಾ ನೋಡುತ್ತಿದ್ದಳು. ಒಂದು ಕೈ ಇನ್ನೊಂದರ ಮೇಲೆ ಎಷ್ಟು ಭಾರ ಬಿಟ್ಟಿದೆ ಎಂದು ಹೇಳಲು ಆಕೆಗೆ ಬಳೆ ಬೇಕಿರಲಿಲ್ಲ. ಅತ್ತೆ ಎದ್ದು ನಿಂತಳು, ಹೊಸ್ತಿಲ ತನಕ ನಡೆದಳು, ಹಜರತಬಿ ಉದ್ದಕ್ಕೂ ಆಕೆಯ ಬಲಗೈ ಹಿಡಿದೇ ಇದ್ದಳು. ಅತ್ತೆಯ ಎಡಗೈ ಸರಳು ಬಿಟ್ಟು ಗೋಡೆ ಹಿಡಿಯಿತು, ಗೋಡೆ ಬಿಟ್ಟು ಬಾಗಿಲ ಚೌಕಟ್ಟು ಹಿಡಿಯಿತು. ಮೈಯ ಭಾರವೆಲ್ಲ ಆ ಎಡಗೈಯ ಮೇಲಿತ್ತು. ಬಲಗೈಯನ್ನು ಆಕೆ ಸುಮ್ಮನೆ ಹಜರತಬಿಯ ಹತ್ತಿರ ಬಿಟ್ಟಿದ್ದಳು.